ನಾನು ಮುಗಿಸಿ ಎದ್ದ ಪ್ರಾರ್ಥನೆ

ನಿನ್ನ ತಾಯಿ ಸಾಯುವಾಗ ನಾನು ಅವಳಿಗಾಗಿ ಪ್ರಾರ್ಥಿಸುತ್ತಿರಲಿಲ್ಲ. ನಿನ್ನಪ್ಪ ಹತ್ತೊಂಬತ್ತು ವರ್ಷ ನಿನಗೆ ಹೇಳಿಕೊಂಡು ಬಂದದ್ದು ಸುಳ್ಳು ಮಗಳೇ — ಅವನು ಕಟ್ಟಿದ್ದಲ್ಲ, ನಾನು ಅವನಿಗೆ ಕೊಟ್ಟದ್ದು. ಅವಳು ಕರೆದಳು. ನನಗೆ ಕೇಳಿಸಿತು. ನಾನು ಏಳಲಿಲ್ಲ.

ಆಗ ಪಾಲಿಬೆಟ್ಟದ ಈ ಎಸ್ಟೇಟ್ ಆಸ್ಪತ್ರೆಯೆಂದರೆ ಆರು ಮಂಚ, ಒಂದು ಪರದೆ, ಪರದೆಯಾಚೆ ಪ್ರಾರ್ಥನೆಗೆಂದು ಬಿಟ್ಟ ಮೂಲೆ. ಸಂಜೆ ಐದಕ್ಕೆ ಗಂಟೆ. ಗಂಡನನ್ನೂ ಕೂಸನ್ನೂ ಒಂದೇ ವಾರದ ಜ್ವರದಲ್ಲಿ ಮಣ್ಣು ಮಾಡಿ ಇಲ್ಲಿಗೆ ನರ್ಸಾಗಿ ಬಂದ ನನಗೆ ಆ ಅರ್ಧ ಗಂಟೆಯೇ ಅನ್ನ, ಅದೇ ನಿದ್ದೆ. ಮಿಕ್ಕ ಹೊತ್ತೆಲ್ಲ ಗಾಯ ತೊಳೆದು, ಕ್ವಿನೈನು ಕುಡಿಸಿ, ದೊರೆಸಾನಿಯ ಬೈಗುಳ ಕೇಳಿ — ಐದಾಗುವುದನ್ನೇ ಕಾಯುತ್ತಿದ್ದೆ. ಜನ ಅದನ್ನು ಭಕ್ತಿ ಎಂದರು. ನನ್ನ ಹೊಟ್ಟೆಗೆ ಗೊತ್ತಿತ್ತು, ಅದು ಬರೀ ಹಸಿವು.

ಅಂದು ಮಧ್ಯಾಹ್ನ ನೀನು ಹುಟ್ಟಿದೆ. ಕೂಲಿಯವರ ಲೈನ್ ಮನೆಯಿಂದ ನಿನ್ನ ತಾಯಿ ನಿಂಗಿ ನಡೆದೇ ಬಂದಿದ್ದಳು, ಸುಖ ಹೆರಿಗೆ. ಅಮ್ಮತ್ತಿಗೆ ಹೊರಟ ಡಾಕ್ಟರು ಒಂದೇ ಮಾತು ಹೇಳಿದ್ದರು — ಬಾಣಂತಿಯ ಕೆಳಗಿನ ಬಟ್ಟೆಗೆ ಆಗಾಗ ಕೈ ಹಾಕಿ ನೋಡಬೇಕು, ಹೊಟ್ಟೆ ಮೆತ್ತಗಾದರೆ ಅಮುಕಿ ಹಿಡಿಯಬೇಕು. ನನಗೆ ಗೊತ್ತಿಲ್ಲದ್ದೇನಲ್ಲ. ಹಾಗೆ ಹಿಡಿದು ಎಷ್ಟೋ ಜನರನ್ನು ಉಳಿಸಿದ್ದೆ.

ಗಂಟೆ ಹೊಡೆಯಿತು. ಹೋಗಿ ಮೊಣಕಾಲೂರಿದೆ. ಕಣ್ಣು ಮುಚ್ಚಿ ಎರಡು ಉಸಿರು ಆಗಿರಲಿಲ್ಲ —

“ಸಿಸ್ಟ್ರಮ್ಮಾ, ಕಾಲ್ ಕೆಳ್ಗೆ ಬೆಚ್ಚಗಾಗ್ತದೆ.”

ಕೂಗಲ್ಲ, ನಿಂಗಿಯ ಸಂಕೋಚದ ದನಿ. ಹಾಸಿಗೆ ಕೊಳೆಯಾದರೆ ಬೈಸಿಕೊಳ್ಳಬೇಕಾದೀತೆಂಬ ಅಂಜಿಕೆ ಅವಳಿಗೆ. ಬೆಚ್ಚಗಾಗುವುದೆಂದರೆ ಏನೆಂದು ಅವಳಿಗೆ ತಿಳಿಯದು, ನನಗೆ ತಿಳಿದಿತ್ತು. ತಿಳಿದೂ — ಇದೊಂದು ಮುಗಿಯಲಿ, ದಿನದಲ್ಲಿ ಇದೊಂದಾದರೂ ನನ್ನದಾಗಿರಲಿ ಎಂದುಕೊಂಡೆ. ನನ್ನ ಮನಶ್ಶಾಂತಿಗಾಗಿ ಬೇಡುತ್ತಿದ್ದೆ. ಸಿಕ್ಕಿತು ಕೂಡ. ಆಮೆನ್ ಹೇಳಿ ಎದ್ದು ಬಂದಾಗ ರಕ್ತ ಮಂಚದ ಕೆಳಗಿನ ಗಾರೆಗೆ ಇಳಿದಿತ್ತು. ಎರಡೂ ಕೈಯಲ್ಲಿ ಅಮುಕಿದೆ, ಅಮುಕುತ್ತಲೇ ಇದ್ದೆ. ಪಕ್ಕದ ತೊಟ್ಟಿಲಲ್ಲಿ ನೀನು ನಿದ್ದೆ ಮಾಡುತ್ತಿದ್ದೆ.

ಅವಳು ಕರೆಯಲೇ ಇಲ್ಲ, ನಿದ್ದೆಯಲ್ಲೇ ಹೋದಳು, ಅವಳಿಗಾಗಿಯೇ ಪ್ರಾರ್ಥಿಸುತ್ತಿದ್ದೆ ಎಂದು ಡಾಕ್ಟರಿಗೆ ಹೇಳಿದೆ. ಭಾನುವಾರ ಪಾದ್ರಿಗಳು ಅದನ್ನೇ ಪ್ರಸಂಗ ಮಾಡಿದರು. ಬೈಬಲಿನ ಮಾರ್ತಾ ಮನೆಗೆಲಸದಲ್ಲಿ ಮುಳುಗಿ ಪ್ರಭುವಿನ ಪಾದದ ಬಳಿ ಕೂರದೆ ಹೋದಳು, ನಮ್ಮ ಮಾರ್ತಾ ಹಾಗಲ್ಲ ಎಂದು ನನ್ನತ್ತ ಕೈ ತೋರಿದರು. ಆ ಹೊಗಳಿಕೆ ಬಿಸಿ ತುತ್ತು — ಉಗುಳಲಾರದೆ ನುಂಗಿದೆ. ನಿನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನಿನ್ನಪ್ಪ ಕೈಮುಗಿದ. “ಅವಳ್ಗೆ ಅಂತ ಒಬ್ರಾದ್ರೂ ಬೇಡ್ಕೊಂಡ್ರಲ್ಲ, ಅಷ್ಟೇ ಸಾಕು” ಎಂದ. ಆ ಒಂದು ಮಾತಿನ ಮೇಲೆ ದೀಕ್ಷಾಸ್ನಾನ ಪಡೆದ, ನಿನಗೆ ನನ್ನ ಹೆಸರಿಟ್ಟ. ಕಳೆದ ಕಾಫಿ ಪಿಕ್ಕಿಂಗ್ ಹೊತ್ತಿಗೆ ಅದನ್ನೇ ನಂಬಿಕೊಂಡು ಸತ್ತ. ಅವನಿಗೆ ನಿಜ ಹೇಳಲು ಎಷ್ಟೊಂದು ದಿನಗಳಿದ್ದವು.

ಪ್ರಾರ್ಥನೆ ಬಿಟ್ಟಿಲ್ಲ. ಮೊಣಕಾಲೂರುತ್ತೇನೆ, ತುಟಿ ಆಡುತ್ತದೆ — ಕಣ್ಣು ಮಾತ್ರ ಮುಚ್ಚಲಾರೆ. ಕ್ಷಮೆ ಉಂಟೆಂದು ರೋಗಿಗಳಿಗೆ ದಿನವೂ ಹೇಳುತ್ತೇನೆ. ನನಗೆ ಸಿಕ್ಕಿಲ್ಲ, ಇನ್ನು ಸಿಕ್ಕೀತು ಎಂದೂ ಅನ್ನಿಸುವುದಿಲ್ಲ.

ನಿನ್ನೆ ನೀನು ತಗಡಿನ ಪೆಟ್ಟಿಗೆ ಹಿಡಿದು ನರ್ಸ್ ಕೆಲಸ ಕಲಿಯಲು ಬಂದೆ. “ಅವ್ವನಿಗೆ ಮಾಡಿದ್ರಲ್ಲ, ಹಾಗೆ ಪ್ರಾರ್ಥನೆ ಮಾಡೋದು ನಂಗೂ ಹೇಳ್ಕೊಡಿ” ಎಂದೆ. ಅದಕ್ಕೇ ಈ ಕಾಗದ. ಇದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಡಾಕ್ಟರಿಗೂ ಕೊಡುತ್ತೇನೆ.

ಪ್ರಾರ್ಥನೆ ಹೇಳಿಕೊಡಲಾರೆ. ಬಟ್ಟೆಯ ಕೆಳಗೆ ಕೈ ಹಾಕಿ ನೋಡುವುದನ್ನು ಹೇಳಿಕೊಡಬಲ್ಲೆ — ಈ ಕೈಯಿಂದ ಕಲಿಯಲು ನಿನಗೆ ಮನಸ್ಸಾದರೆ. ಆಗದೆ, ಪೆಟ್ಟಿಗೆ ಎತ್ತಿಕೊಂಡು ಹೊರಟರೆ ತಡೆಯುವುದಿಲ್ಲ. ಇಷ್ಟು ಮಾತ್ರ ತಿಳಿದುಕೊಂಡು ಹೋಗು. ನೀನು ಹುಟ್ಟಿದ ಸಂಜೆ ನಿನ್ನ ತಾಯಿ ದೇವರನ್ನು ಕರೆಯಲಿಲ್ಲ. ನನ್ನನ್ನು ಕರೆದಳು.