ಜಟ್ಟೆಮ್ಮ ಕಾಯ್ದ ಕಸ

ಕೆ.ಆರ್. ಪುರದ ಆಚೆ, ಕೆರೆ ಏರಿಯ ಹಿಂದಿನ ಓಣಿಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಮೂಲೆಯ ಕಸದ ರಾಶಿಯನ್ನು ಶುರು ಮಾಡಿದವರು ಯಾರು ಅಂತ. ವಠಾರದ ಓನರ್ ಅಂಜನಮೂರ್ತಿಯಿಂದ ಹಿಡಿದು ಮೊನ್ನೆ ಮೊನ್ನೆ ಬಾಡಿಗೆಗೆ ಬಂದವರವರೆಗೆ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ: ಜಟ್ಟೆಮ್ಮ. ಅದು ಸುಳ್ಳೂ ಅಲ್ಲ. ಮೊದಲ ಬುಟ್ಟಿ ಸುರಿದವಳು ಅವಳೇ. ಆಮೇಲೆ ಓಣಿಯವರೆಲ್ಲ ಕೈಜೋಡಿಸಿದರು. ಈ ಊರಲ್ಲಿ ಒಬ್ಬರು ಒಂದು ಕವರ್ ಎಸೆದರೆ ಸಾಕು, ಉಳಿದವರಿಗೆ ಅದೇ ಅಪ್ಪಣೆ. ಬೈಗುಳ ಮಾತ್ರ ಅವಳೊಬ್ಬಳ ಪಾಲಿಗೆ ಬಂತು.

ಯಾಕೆ ಸುರಿದಳು ಅನ್ನುವುದು ಅವಳಿಗೆ ಮತ್ತು ಗಂಡ ಭೀಮುವಿಗೆ ಮಾತ್ರ ಗೊತ್ತಿತ್ತು. ಶಹಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿದ್ದ ಕಾಲದಲ್ಲಿ ಅವರಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಜ್ವರ ಬಂದು ಕೂಸು ತೀರಿಹೋಯಿತು. ಅವರಲ್ಲಿ ಹಸುಗೂಸನ್ನು ಸುಡುವುದಿಲ್ಲ, ಹೂಳುತ್ತಾರೆ. ಇಲ್ಲಿ ಯಾರನ್ನು ಕೇಳಬೇಕು, ಎಲ್ಲಿಗೆ ಒಯ್ಯಬೇಕು ಒಂದೂ ತಿಳಿಯದೆ, ಓಣಿಯ ಮೂಲೆಯಲ್ಲಿ, ಕೆರೆಯಂಚಿನ ಬಯಲಿನಲ್ಲಿ ಭೀಮು ಮಂಡಿಯಾಳದ ಗುಂಡಿ ತೋಡಿ ಹೂತ. ಆಸ್ಪತ್ರೆಯ ಚೀಟಿ ಇರಲಿಲ್ಲ, ಯಾರ ಒಪ್ಪಿಗೆಯೂ ಇರಲಿಲ್ಲ.

ಕ್ರಮೇಣ ಆ ಬಯಲಿನಲ್ಲಿ ಹುಡುಗರು ಸ್ಟಂಪು ನೆಟ್ಟು ಆಡತೊಡಗಿದರು. ಸೈಟು ನೋಡುವವರು ಕಾರಿನಲ್ಲಿ ಬಂದಿಳಿಯತೊಡಗಿದರು. ಇವತ್ತಲ್ಲ ನಾಳೆ ಅಲ್ಲಿ ಗುದ್ದಲಿ ಬೀಳುತ್ತದೆ ಅಂತ ಜಟ್ಟೆಮ್ಮನಿಗೆ ಅನ್ನಿಸಿತು. ಕೆಲಸದ ಕಡೆಯಿಂದ ಒಡೆದ ಇಟ್ಟಿಗೆ, ಕಾಂಕ್ರೀಟಿನ ಚೂರು ಹೊತ್ತು ತಂದು ಆ ಜಾಗದ ಮೇಲೆ ಸುರಿದಳು. ಗಲೀಜು ಕಂಡರೆ ಯಾರೂ ಹತ್ತಿರ ಬರುವುದಿಲ್ಲ ಅನ್ನುವುದು ಅವಳ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮಗಳ ಮೇಲೆ ಊರ ಹೊಲಸೆಲ್ಲ ಬೀಳುತ್ತಿದೆಯಲ್ಲ ಅಂತ ಕೊರಗುತ್ತಿದ್ದಳು. ಗುದ್ದಲಿ ಬೀಳುವುದಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ವರ್ಷಕ್ಕೊಮ್ಮೆ, ಶ್ರಾವಣದ ಮೊದಲ ಸೋಮವಾರ, ಕೂಸು ಹೋದ ದಿನ, ಬೆಳಿಗ್ಗೆ ಒಂದು ಬಟ್ಟಲು ಹಾಲು ತಂದು ಆ ಇಟ್ಟಿಗೆಗಳ ಸಂದಿಗೆ ಹೊಯ್ದು ಹೋಗುತ್ತಿದ್ದಳು.

ಆಮೇಲೆ ಮಂಡಿ ನೋವು ಬಂದು ಗಾರೆ ಕೆಲಸ ಬಿಟ್ಟಳು. ಇಂದಿರಾನಗರದ ಒಂದು ಕಾಲೇಜಿನಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಸಿಕ್ಕಿತು. ಅಲ್ಲಿ ಪರಿಚಯವಾದವಳು ಪ್ರಿಯದರ್ಶಿನಿ, ಅಲ್ಲೇ ಓದುವವಳು, ಕಾಲೇಜಿನ ಪರಿಸರ ಸಂಘದ ಕಾರ್ಯದರ್ಶಿ. ಎದುರಿಗೆ ಸಿಕ್ಕಾಗಲೆಲ್ಲ ನಿಂತು ಮಾತಾಡಿಸುವ ಹುಡುಗಿ. ಜಟ್ಟೆಮ್ಮ ಜ್ವರ ಬಂದು ಮಲಗಿದಾಗ ಮಾತ್ರೆ, ಬ್ರೆಡ್ಡು ಹಿಡಿದು ಮನೆಯವರೆಗೂ ಬಂದಿದ್ದಳು. ಬರುವಾಗ ದಾರಿಯಲ್ಲಿ ಆ ರಾಶಿ ಕಂಡು ಮೂಗು ಮುಚ್ಚಿಕೊಂಡಿದ್ದಳು. ಪಾಪ, ಆವತ್ತೇ ಅವಳ ಮನಸ್ಸಿಗೆ ಅದು ನಾಟಿತು.

ಒಂದು ದಿನ ಕಾರಿಡಾರಿನಲ್ಲಿ ಓಡೋಡಿ ಬಂದಳು. "ಆಂಟಿ, ನಮ್ ಪ್ರಾಜೆಕ್ಟ್‌ಗೆ ಒಂದು ಕಂಪ್ನಿಯವ್ರು ಫಂಡ್ ಕೊಟ್ಬಿಟ್ರು! ಯಾವ ಜಾಗಕ್ಕೆ ಹೇಳಿ? ನಿಮ್ ಓಣಿಗೇ! ಆ ಕಸದ ಮೂಲೇನ ಪುಟ್ಟ ಪಾರ್ಕ್ ಮಾಡ್ತೀವಿ."

ಜಟ್ಟೆಮ್ಮನ ಕೈಯಲ್ಲಿದ್ದ ಮಾಪ್ ಅಲ್ಲೇ ನಿಂತಿತು. "ಅಲ್ಲಿ ಬ್ಯಾಡ ಯವ್ವಾ. ಬ್ಯಾರೆ ಕಡೆ ಮಾಡ್ರಿ."

"ಕಸ ಎಲ್ಲಿ ಹಾಕೋದು ಅಂತ ಯೋಚ್ನೇನಾ? ಗಾಡಿ ದಿನಾ ಬರೋ ಹಾಗೆ ಮಾಡಿಸ್ತೀವಿ. ನೀವು ಸುಮ್ನಿರಿ ಆಂಟಿ," ಎಂದು ನಕ್ಕು ಹೋದಳು.

ಮನೆಯಲ್ಲಿ ವಿಷಯ ತೆಗೆದರೆ ಭೀಮು ಸಿಡಿದು ಬಿದ್ದ. "ಬಾಯಿ ಬಿಟ್ಟೀ ನೋಡು! ಯಾರನ್ನ ಕೇಳಿ ಹೂತ್ರಿ, ಹ್ಯಾಂಗ ಸತ್ತಿತು ಅಂತ ಪೊಲೀಸರು ಬರ್ತಾರ. ಆಗ ಏನ್ ಹೇಳ್ತಿ?" ಅಷ್ಟು ಬೈದವನು ಆವತ್ತು ಊಟಕ್ಕೆ ಏಳಲಿಲ್ಲ.

ಆದರೂ ಜಟ್ಟೆಮ್ಮ ಮನಸ್ಸು ಗಟ್ಟಿ ಮಾಡಿಕೊಂಡಳು. ಸಂಘದ ಹುಡುಗರ ಕೆಲಸ ಅವಳು ಕಂಡಿದ್ದೇ. ಭಾನುವಾರ ಬರುತ್ತಾರೆ, ಕೈಗೆ ಗ್ಲೌಸ್ ಹಾಕಿಕೊಂಡು ಒಂದೊಂದೇ ಕವರ್ ಹೆಕ್ಕುತ್ತಾರೆ, ಮಧ್ಯೆ ಹತ್ತು ಸಲ ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಪ್ರಿಯದರ್ಶಿನಿಯನ್ನು ಪಕ್ಕಕ್ಕೆ ಕರೆದು ಹೇಳಿದರಾಯಿತು: ಇಷ್ಟು ಜಾಗ ಬಿಟ್ಟುಬಿಡು ಯವ್ವಾ, ಸುತ್ತ ಏನು ಬೇಕಾದರೂ ನೆಡು. ಆ ಹುಡುಗಿ ಇಲ್ಲ ಅನ್ನುವವಳಲ್ಲ ಅಂತ ಅವಳಿಗೆ ನಂಬಿಕೆಯಿತ್ತು.

ಆದರೆ ಅದು ಮಾರ್ಚ್ ಕೊನೆ. ಕಂಪನಿಯ ದುಡ್ಡು ವರ್ಷ ಮುಗಿಯುವುದರೊಳಗೆ ಖರ್ಚಾಗಲೇಬೇಕಂತೆ. ದೊಡ್ಡವರ ಧರ್ಮಕ್ಕೂ ಗಡುವು ಇರುತ್ತದೆ ಅಂತ ಜಟ್ಟೆಮ್ಮನಿಗೆ ಹೇಗೆ ಗೊತ್ತಾಗಬೇಕು? ಹುಡುಗರು ಹೆಕ್ಕುತ್ತಾ ಕೂತರೆ ಆಗುವುದಿಲ್ಲವೆಂದು ಕಂಪನಿಯವರೇ ಶುಕ್ರವಾರ ಜೆಸಿಬಿ, ಟಿಪ್ಪರ್ ಕಳಿಸಿಬಿಟ್ಟರು. ಆ ಹೊತ್ತಿನಲ್ಲಿ ಜಟ್ಟೆಮ್ಮ ಕಾಲೇಜಿನಲ್ಲಿ ನೆಲ ಒರೆಸುತ್ತಿದ್ದಳು.

ಸಂಜೆ ಬಸ್ಸಿಳಿದು ಬಂದಾಗ ರಾಶಿ ಇರಲಿಲ್ಲ. ಮೂಲೆಯ ತುಂಬ ಹೊಸ ಕೆಮ್ಮಣ್ಣು ಹಾಸಿತ್ತು. ಅಂಜನಮೂರ್ತಿ ಗೇಟಿನಲ್ಲೇ ನಿಂತಿದ್ದ.

"ನೋಡಮ್ಮ, ನಿನ್ ಕಸಕ್ಕೆ ಒಂದು ಗತಿ ಕಾಣಿಸಿದ್ರು. ಕೆಳಗಿನ ಮಣ್ಣು ನಾರ್ತಿದೆ ಅಂತ ಅದನ್ನೂ ಆಳಕ್ಕೆ ಬಗೆದು ತಗೊಂಡ್ಹೋದ್ರು."

"ಎಲ್ಲಿಗ್ರೀ?"

"ಯಾರಿಗ್ಗೊತ್ತು? ಟಿಪ್ಪರ್‌ನೋರು ಎಲ್ಲಿ ಹಳ್ಳ ಕಂಡ್ರೆ ಅಲ್ಲಿ ಸುರೀತಾರೆ."

ಅವಳು ಆ ಕೆಮ್ಮಣ್ಣಿನ ಮೇಲೆ ಹೋಗಿ ಕೂತಳು. ಹನ್ನೆರಡು ವರ್ಷ ಎಲ್ಲರ ಬಾಯಿಗೆ ಬಿದ್ದು ಕಾಯ್ದದ್ದು ಒಂದು ಹಗಲಿನಲ್ಲಿ ಹೋಗಿತ್ತು. ತಾನು ಕಸ ಸುರಿಯದೆ ಇದ್ದಿದ್ದರೆ ಈ ಮೂಲೆ ಪ್ರಿಯದರ್ಶಿನಿಯ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. 

ಭಾನುವಾರ ಹುಡುಗರು ರಂಗೋಲಿ ಹಾಕಿದರು, ಬ್ಯಾನರ್ ಕಟ್ಟಿದರು. ಮೊದಲ ಹೊಂಗೆ ಸಸಿಯನ್ನು ಜಟ್ಟೆಮ್ಮನೇ ನೆಡಬೇಕು ಎಂದು ಪ್ರಿಯದರ್ಶಿನಿ ಕೈಹಿಡಿದು ಕರೆತಂದಳು. ಹೇಳಬೇಕೆಂದು ಬಾಯಿ ತೆರೆದ ಜಟ್ಟೆಮ್ಮ ಆ ಹುಡುಗಿಯ ಅರಳಿದ ಮುಖ ನೋಡಿದಳು. "ಛಂದ ಆಗ್ಯದ ಯವ್ವಾ," ಎಂದಷ್ಟೇ ಹೇಳಿ, ಸಸಿ ನೆಟ್ಟು, ಬಿಕ್ಕಿ ಬಿಕ್ಕಿ ಅತ್ತಳು. ಖುಷಿಗೆ ಅಳುತ್ತಿದ್ದಾಳೆ ಅಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಫೋಟೋ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿದೆ. ಅದರ ಕೆಳಗಿನ ನೆಲವನ್ನು ಅವಳೇ ದಿನಾ ಒರೆಸುತ್ತಾಳೆ.

ಪಾರ್ಕು ಮಾಡಲು ದುಡ್ಡಿತ್ತು, ನೋಡಿಕೊಳ್ಳಲು ಇರಲಿಲ್ಲ. ಹುಡುಗರಿಗೆ ಪರೀಕ್ಷೆ ಬಂತು, ಕಸದ ಕವರ್‌ಗಳು ಒಂದೊಂದಾಗಿ ಮತ್ತೆ ಬಂದು ಬಿದ್ದವು. ಬಿದ್ದ ಒಂದೊಂದನ್ನೂ ಜಟ್ಟೆಮ್ಮ ಎತ್ತಿ ಹಾಕಿದಳು, ಎಸೆದವರ ಜೊತೆ ಜಗಳಕ್ಕೂ ನಿಂತಳು. ಕಸದ ರಾಣಿಗೆ ಈಗ ಮಡಿ ಬಂತು ಅಂತ ಓಣಿಯವರು ನಕ್ಕರು.

ಪರೀಕ್ಷೆ, ರಜೆ ಎಲ್ಲ ಮುಗಿಸಿ ಪ್ರಿಯದರ್ಶಿನಿ ಗಿಡ ನೋಡಲು ಬಂದದ್ದು ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ. ಜಟ್ಟೆಮ್ಮ ಬಟ್ಟಲು ಹಿಡಿದು ಸಸಿಯ ಬುಡದಲ್ಲಿ ಕೂತಿದ್ದಳು.

"ಗಿಡಕ್ಕೆ ಹಾಲಾ ಆಂಟಿ?"

ಈ ಸಲ ಅವಳು ಮುಚ್ಚಿಡಲಿಲ್ಲ. ಕೂಸು, ಗುಂಡಿ, ಇಟ್ಟಿಗೆ, ಟಿಪ್ಪರ್, ಎಲ್ಲ ಹೇಳಿದಳು.  ಹುಡುಗಿ ಪಕ್ಕದಲ್ಲೇ ನೆಲಕ್ಕೆ ಕೂತು ಜಟ್ಟೆಮ್ಮನ ಸೆರಗು ಹಿಡಿದುಕೊಂಡಳು. 

"ಆಂಟಿ... ಆದ್ರೆ ಈಗ ಇಲ್ಲಿ ಅವಳಿಲ್ವಲ್ಲ."

"ಗೊತ್ತದ ಯವ್ವಾ," ಎಂದು ಜಟ್ಟೆಮ್ಮ ಬಟ್ಟಲು ಬಗ್ಗಿಸಿದಳು. "ಹಾಲು ಎಲ್ಲ್ಯಾರ ಹಾಕಬೇಕಲ್ಲ."