ಅವ್ವನ ಕಿವಿ, ಕಾರಿನ ಎಡಬಾಗಿಲು

ಕಾರಿನ ಹಿಂದಿನ ಸ್ಪೀಕರುಗಳು ಹರಿದು ಗೊರಗುಟ್ಟತೊಡಗಿದ್ದಕ್ಕೆ ಅಣ್ಣ ಗದಗಿನ ಪೇಟೆಯಿಂದ ಹೊಸ ಜೋಡಿ ತಂದು ತಾನೇ ಕೂಡಿಸಿದ. ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ನಿಂತು ಬಹಳ ಕಾಲವಾಯಿತು. ಅವನ ಕೈ ಮಾತ್ರ ಸುಮ್ಮನಿರುವುದಿಲ್ಲ. ಮೆಕ್ಯಾನಿಕ್ಕಿಗೆ ಕೊಡೋಣ ಎಂದ ನನ್ನನ್ನು ಅವನು ನೋಡಿದ ನೋಟಕ್ಕೆ, ಚಹಾದ ನೆಪ ಹೇಳಿ ಒಳಗೆ ಹೋದೆ.

ಮರುದಿನ ಅವ್ವನನ್ನು ಕರೆದುಕೊಂಡು ಲಕ್ಷ್ಮೇಶ್ವರದ ಅಕ್ಕನ ಮನೆಗೆ ಹೊರಟೆವು. ಅವ್ವ ಯಾವಾಗಲೂ ಹಿಂದಿನ ಸೀಟಿನ ನಟ್ಟನಡುವೆ ಕೂರುತ್ತಾಳೆ. ಅಲ್ಲಿಂದ ರಸ್ತೆ ಕಾಣುತ್ತದೆ, ನನ್ನ ಡ್ರೈವಿಂಗಿಗೆ ಬುದ್ಧಿ ಹೇಳಲು ಅನುಕೂಲ. ಅವಳೇ ಮುಂದೆ ಕೂತು ಹಾಡಿದ್ದ ಭಜನಾ ಮಂಡಳಿಯ ಹಾಡಿನ ರೆಕಾರ್ಡಿಂಗನ್ನು ಮೊಬೈಲಿನಿಂದ ಹಚ್ಚಿದೆ. ಮುಂದಿನ ಸ್ಪೀಕರುಗಳ ಹತ್ತಿರವಿದ್ದ ನನಗೂ ಅಣ್ಣನಿಗೂ ಚೆನ್ನಾಗಿಯೇ ಕೇಳುತ್ತಿತ್ತು.

“ತಮ್ಮಾ, ಬರೀ ತಾಳ ಕೇಳಾಕತ್ತೈತಿ. ನನ್ನ ದನಿ ಎಲ್ಲೋ ಬಾವ್ಯಾಗಿಂದ ಬಂದಂಗ ಆಗತೈತಿ,” ಎಂದಳು ಅವ್ವ.

ಧ್ವನಿ ಏರಿಸಿದೆ. “ಈಗ?”

“ತಾಳ ಜೋರಾತು.” ಅವ್ವ ಸೀಟಿಗೆ ಒರಗಿದಳು. “ನನ್ನ ಕಿವೀನ ಹ್ವಾದುವು ಬಿಡು. ನನಗೂ ಅನುಮಾನ ಇತ್ತು. ಮುಂದ ಕುಂತು ಪದಾ ಎತ್ತೋದು ಇನ್ನ ಬ್ಯಾರೇದಾರಿಗೆ ಬಿಡ್ತೀನಿ.”

ಮಂಗಳವಾರದ ಭಜನೆ ಬಿಟ್ಟರೆ ಅವ್ವ ಅವ್ವನಾಗಿ ಉಳಿಯುವುದಿಲ್ಲ. ಕೆಟ್ಟಿದ್ದು ಕಿವಿಯೋ ಕಾರೋ ನೋಡಿಯೇ ಬಿಡೋಣ ಎಂದುಕೊಂಡೆ.

ಊಟವಾದ ಮೇಲೆ ಅಕ್ಕನ ಮನೆಯ ಮುಂದೆ ನಿಂತಿದ್ದ ಕಾರಿನಲ್ಲಿ, ಅವ್ವನ ಜಾಗದಲ್ಲೇ ಕುಳಿತೆ. ಅಣ್ಣನಿಗೆ ಹೇಳಿ ಮುಂದಿನ ಸ್ಪೀಕರುಗಳನ್ನು ಬಂದ್ ಮಾಡಿಸಿದೆ. ಹಿಂದಿನವುಗಳಲ್ಲಿ ಬಲಗಡೆಯದೊಂದನ್ನೇ ಹಚ್ಚಿದರೆ ಹಾಡು ಸ್ವಚ್ಛ. ಎಡಗಡೆಯದೊಂದನ್ನೇ ಹಚ್ಚಿದರೂ ಸ್ವಚ್ಛ. ಎರಡನ್ನೂ ಕೂಡಿಸಿ ಹಚ್ಚಿದಾಗ ಅವ್ವನ ದನಿ ಮಾಯವಾಗಿ ತಾಳವಷ್ಟೇ ಉಳಿಯಿತು. ಕೆಟ್ಟ ಸದ್ದು ಕೇಳಿ ಇಷ್ಟು ಖುಷಿಪಟ್ಟವನು ನಾನೊಬ್ಬನೇ ಇರಬೇಕು.

“ಅಣ್ಣಾ, ಅವ್ವನ ಕಿವಿಗೆ ಏನೂ ಆಗಿಲ್ಲ. ನನಗೂ ಕೇಳವಲ್ತು.”

ಅಣ್ಣ ತಲೆ ಕೆರೆದುಕೊಂಡ. “ಎಡಬಾಗಿಲದಾಗ ಕೆಂಪು ತಂತಿಗೆ ಕರೇದು ಕೂಡಿಸಿದ್ರಲೇ. ಯಾವನೋ ತಪ್ಪು ಮಾಡ್ಯಾನಂತ ಕೆಂಪಿಗೆ ಕೆಂಪು ಹಚ್ಚಿ ನಾನ ಸುದ್ದ ಮಾಡೇನಿ.”

ಮಗ್ಗದ ಹಳೆಯ ಹಾಸಿನ ಎಳೆಗಳಿಗೆ ಹೊಸ ಎಳೆ ಕೆಚ್ಚಿ ಗಂಟು ಹಾಕುತ್ತ ಬೆಳೆದ ಕೈ ಅದು. ಬಣ್ಣಕ್ಕೆ ಬಣ್ಣ ಸೇರಿಸದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಬಾಗಿಲು ಬಿಚ್ಚಿ ತಂತಿಯ ಗುಂಟ ನೋಡಿದರೆ, ಒಳಗೆ ಟೇಪು ಸುತ್ತಿದ ಇನ್ನೊಂದು ಹಳೆಯ ಗಂಟು, ಅಲ್ಲಿಯೂ ಬಣ್ಣ ಅದಲುಬದಲು. ಎರಡು ಸಲ ತಪ್ಪಿ ಸರಿಯಾಗಿದ್ದನ್ನು ಅಣ್ಣ ಒಂದು ಸಲ ಸರಿಮಾಡಿ ಕೆಡಿಸಿದ್ದ. ಹೀಗಾಗಿ ಒಂದು ಸ್ಪೀಕರು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಜಗ್ಗುತ್ತಿತ್ತು, ನಡುವೆ ಕೂತವರ ಪಾಲಿಗೆ ಒಂದರ ಸದ್ದನ್ನು ಇನ್ನೊಂದು ನುಂಗುತ್ತಿತ್ತು. ಮತ್ತೆ ಕೆಂಪಿಗೆ ಕಪ್ಪು ಕೂಡಿಸುವಾಗ ಅಣ್ಣನ ಮುಖ ಹರಳೆಣ್ಣೆ ಕುಡಿದಂತಿತ್ತು.

ಸಂಜೆ ಹೊರಟಾಗ ಅವ್ವನಿಗೆ ಏನೂ ಹೇಳದೆ ಹಾಡು ಹಚ್ಚಿದೆ. ಊರು ದಾಟುವಷ್ಟರಲ್ಲಿ ಅವಳ ಬೆರಳು ನನ್ನ ಸೀಟಿನ ಬೆನ್ನಿಗೆ ತಾಳ ಹಾಕತೊಡಗಿತು. ಆಮೇಲೆ ಮುಂದಕ್ಕೆ ಬಾಗಿದಳು.

“ಎರಡನೇ ಸಾಲಿನ್ಯಾಗ ಹಿಂದಿನಾಕಿ ಯಾರೋ ಸ್ವರ ಬಿಟ್ಟಾಳ ನೋಡು. ಮಂಗಳವಾರ ಅಕೀನ್ನ ನನ್ನ ಬಾಜೂಕ ಕುಂಡರಿಸಿಕೊಂಡು ಹಾಡಿಸ್ತೀನಿ.”