ಕಮಲಾಪುರದ ಕಟ್ಟೆಯ ಮೇಲೆ ಮೆಕ್ಸಿಕೋದ ಮುದುಕರು

ನಾನು ಚಿಕ್ಕವನಿದ್ದಾಗ ಅಜ್ಜನ ದನಿಯಲ್ಲಿ ಒಂದೇ ಒಂದು ಮಾತು ಕೂಗಿ, ಎಂಟು ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ, ಮೆಕ್ಸಿಕೋ ದೇಶದ ಒಂದು ಕುಣಿತವನ್ನೇ ಮೂಕ ಮಾಡಿಬಿಟ್ಟೆ. ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮ್ಮಲ್ಲಿ ಯಾರಾದರೂ ಪತ್ತೆ ಹಚ್ಚಿ ಇಲ್ಲದ ಮೀಸೆ ತಿರುವುವುದು ಬೇಡ.

ಚಿಕ್ಕವನಿದ್ದಾಗ ಅಂದರೆ ನಾಲ್ಕು ವರ್ಷದ ಹಿಂದೆ. ನಗಬೇಡಿ. ಅಜ್ಜಂದಿರು ಮಾತ್ರ ಹೀಗೆ ಶುರು ಮಾಡಬೇಕೆಂದು ಎಲ್ಲಿ ಬರೆದಿದೆ? ನನಗೀಗ ಹದಿನೈದು. ಕಲಬುರಗಿಯ ಕೋಟನೂರಿನ ಸಮುದಾಯ ಭವನಕ್ಕೆ ಈ ವರ್ಷ ಕುಣಿತ ಕಲಿಯಲು ಬಂದಿರುವ ನಿಮಗೆ ಆರು, ಏಳು. ನಿಮ್ಮ ಪಾಲಿಗೆ ನಾನು ಅಜ್ಜನೇ.

ಈ ಕುಣಿತವನ್ನು ಕಲಬುರಗಿಗೆ ತಂದವಳು ನನ್ನ ಅಕ್ಕ. ಹೈದರಾಬಾದಿನ ಹಾಸ್ಟೆಲಿನಲ್ಲಿ ಅವಳ ಕೋಣೆಯಲ್ಲಿದ್ದ ಮೆಕ್ಸಿಕೋದ ಹುಡುಗಿ ಅವಳಿಗೆ ಕಲಿಸಿದ್ದಳು. ಅಕ್ಕ ಓದು ಮುಗಿಸಿ ಬಂದು ಅಡುಗೆಮನೆಯ ಶಹಾಬಾದಿ ಫರ್ಸಿ ಕಲ್ಲಿನ ಮೇಲೆ ಮೊದಲ ಸಲ ಟಕಟಕ ಹೆಜ್ಜೆ ಬಡಿದಾಗ, ಮಗಳು ಹಾವು ತುಳಿದಳೆಂದು ಅವ್ವ ಹಿತ್ತಲಿನಿಂದ ಕೋಲು ಹಿಡಿದು ಓಡಿ ಬಂದಿದ್ದಳು. ಆ ಕುಣಿತದ ಹೆಸರು ‘ಬಿಯೆಹಿತೋಸ್’, ಅಂದರೆ ಪುಟ್ಟ ಮುದುಕರು. ಅಪ್ಪನ ನಾಲಿಗೆಗೆ ಅದು ಕೊನೆಗೂ ಹತ್ತಲಿಲ್ಲ. “ನಿಮ್ಮ ಬ್ಯಾಳಿ ಹಿಟ್ಟಿನ ಕುಣಿತ ಎಲ್ಲೀತನಾ ಬಂತು?” ಎಂದು ದಿನಾ ಕೇಳುತ್ತಿದ್ದರು.

ಮಕ್ಕಳು ಬೊಚ್ಚುಬಾಯಿಯ ಮುದುಕರ ಮುಖವಾಡ ಹಾಕಿ, ಬಣ್ಣದ ರಿಬ್ಬನ್ನಿನ ಟೋಪಿ ಇಟ್ಟು, ಬೆನ್ನು ಬಗ್ಗಿಸಿ, ಕೋಲೂರಿ, ಕೆಮ್ಮುತ್ತ ನಡುಗುತ್ತ ಬರಬೇಕು. ನೋಡುವವರು ‘ಅಯ್ಯೋ ಪಾಪ’ ಅನ್ನುವಷ್ಟರಲ್ಲಿ ಆ ಮುದುಕರೇ ಕಟ್ಟಿಗೆಯ ಚಪ್ಪಲಿಯಲ್ಲಿ ನೆಲ ಬಡಿಯತೊಡಗಬೇಕು. ಇಡೀ ಕುಣಿತದ ಜೀವ ಇರುವುದು ಆ ಚಪ್ಪಲಿಯಲ್ಲಿ. ಸೇಡಂ ರಸ್ತೆಯ ಬಡಗಿ ಚಾಚಾ ಅಕ್ಕನ ಬಳಿ ಕಲಿಯುತ್ತಿದ್ದ ನಮ್ಮ ಒಂಬತ್ತು ಮಕ್ಕಳಿಗೆ ಒಂಬತ್ತು ಜೋಡಿ ಮಾಡಿಕೊಟ್ಟಿದ್ದರು. ಒಂಬತ್ತೂ ಒಟ್ಟಿಗೆ ಫರ್ಸಿಗೆ ಬಿದ್ದರೆ ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಕೇಳುತ್ತಿತ್ತು.

ಮುದುಕನಾಗಲು ನನ್ನಷ್ಟು ತಯಾರಿದ್ದವರು ಯಾರೂ ಇರಲಿಲ್ಲ. ಅಪ್ಪನ ಆಕಳಿಕೆ, ಗಣಿತದ ಮೇಷ್ಟ್ರ ಸೀನು, ಎಲ್ಲವೂ ನನ್ನ ಬಳಿ ಇದ್ದವು. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಅವ್ವ ಬೈದಾಗ ನಾನು ಸುರ್‌ ಸುರ್‌ ಎಂದು ಅಳುವುದನ್ನು ನಾನೇ ಮಾಡಿ ತೋರಿಸಿದರೆ ಅವ್ವ ಬೈಯುವುದನ್ನು ಮರೆತು ನಗುತ್ತಿದ್ದಳು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಅಜ್ಜನ ದನಿ, ಅಂದರೆ ಕಮಲಾಪುರದಲ್ಲಿರುವ ಅವ್ವನ ಅಪ್ಪನದು. ಮೊದಲು ಎರಡು ಸಲ ಗಂಟಲು ಕೆರೆಯಬೇಕು, ‘ಏ ಕೂಸಾ’ ಎನ್ನಬೇಕು, ಕೊನೆಗೆ ‘ತಿಳೀತೇನು?’ ಎಂದು ಗುಡುಗಬೇಕು.

ಆ ಅಜ್ಜನ ಓಣಿಯ ಕಟ್ಟೆಯ ಮೇಲೆಯೇ ನಮ್ಮ ಮೊದಲ ಕುಣಿತ ನಿಗದಿಯಾಯಿತು. ಸಂಜೆ ಭಜನೆ ನಡೆಯುವ ಕಲ್ಲಿನ ಕಟ್ಟೆ ಅದು. ಅದನ್ನು ನೋಡಿಕೊಳ್ಳುತ್ತಿದ್ದವರು ಅಜ್ಜ. ಚಪ್ಪಲಿ ಹಾಕಿಕೊಂಡು ಅದನ್ನು ಹತ್ತಿದವರು ಯಾರೂ ಇಲ್ಲ. ಅಕ್ಕ ಅಜ್ಜನ ಮುಂದೆ ಕುಳಿತು ಅರ್ಧ ದಿನ ವಾದ ಮಾಡಿದಳು.

“ಅಜ್ಜಾ, ಇವು ಚಪ್ಪಲ್ ಅಲ್ರೀ. ವಾದ್ಯ. ತಬಲಾ ಕೈಲೆ ಬಾರಸ್ತಾರ, ಇದನ್ನ ಕಾಲಿಲೆ ಬಾರಸ್ತೀವಿ.”

ಅಜ್ಜ ಒಂದು ಚಪ್ಪಲಿ ಎತ್ತಿ, ಉಗುರಿನಿಂದ ಟಕ್ಕೆಂದು ಹೊಡೆದು, ಕಿವಿಗೆ ಹಿಡಿದು ಕೇಳಿದರು. “ವಾದ್ಯ ಅಂದ್ರ ಪೂಜಿ ಮಾಡಿ ಹತ್ರಿ” ಎಂದರು. ಓಣಿಯ ಹಿರಿಯರು ಗೊಣಗಿದರು. ಅಜ್ಜ ಅವರಿಗೆ ಹೇಳಿದ್ದು ಇಷ್ಟೇ: “ನಾ ಹೂಂ ಅಂದೀನಿ. ಇದು ನನ್ನ ಮಾತು.” ಅಜ್ಜ ಮಾತು ಕೊಟ್ಟು ತಪ್ಪಿದ್ದನ್ನು ಆ ಓಣಿ ಕಂಡಿರಲಿಲ್ಲ.

ಅಂದು ಭಾನುವಾರ ಬೆಳಗ್ಗೆ ಬಸ್ಸಿಳಿದು ಅಜ್ಜನ ಮನೆಗೆ ಹೋದರೆ ಪಡಸಾಲೆಯ ತುಂಬ ಕೆಂಪು ಬಾಳೆಹಣ್ಣಿನ ಘಮ. ಹದಿನೆಂಟು ಚಪ್ಪಲಿಗಳನ್ನು ಸಾಲಾಗಿಟ್ಟು ಅಜ್ಜಿ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಊದುಬತ್ತಿ ಬೆಳಗಿದಳು. ಚಪ್ಪಲಿಗೆ ಕೈಮುಗಿಯುವಾಗ ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ಕಟ್ಟೆಯ ಹಿಂದೆ ಒಂದು ಹಳೆಯ ಚಾದರ ಪರದೆಯಾಗಿತ್ತು. ಅಕ್ಕ ಸ್ಪೀಕರಿನ ಹತ್ತಿರ ಇದ್ದಳು. ನಾವು ಒಂಬತ್ತೂ ಮಂದಿ ಮುಖವಾಡ ಹಾಕಿ ನಿಂತಿದ್ದೆವು. ಅದರ ಕಣ್ಣಿನ ತೂತು ಜೋಳದ ಕಾಳಿನಷ್ಟು, ಪಕ್ಕದವರೂ ಸರಿಯಾಗಿ ಕಾಣುತ್ತಿರಲಿಲ್ಲ. ಹೆಜ್ಜೆ ಮರೆತುಹೋಯಿತೆಂದು ಎಲ್ಲರೂ ಗೋಳಾಡುತ್ತಿದ್ದರು. ನಗಿಸೋಣ ಅನ್ನಿಸಿತು ನನಗೆ. ಎರಡು ಸಲ ಗಂಟಲು ಕೆರೆದು ಕೂಗಿಯೇಬಿಟ್ಟೆ: “ಏ ಕೂಸಾ, ಕಟ್ಟಿ ಅಂದ್ರ ಏನ್ ತಿಳದೀರಿ? ಚಪ್ಪಲ್ ಕಳದು ಹತ್ರಿ! ತಿಳೀತೇನು?”

ಯಾರೂ ನಗಲಿಲ್ಲ. ಅಷ್ಟರಲ್ಲಿ ಗಿಟಾರು ಶುರುವಾಯಿತು. ಟೋಪಿ ಸರಿಮಾಡಿಕೊಂಡು ಎಲ್ಲರಿಗಿಂತ ಕೊನೆಗೆ ನಾನೂ ಹತ್ತಿದೆ.

ಬಗ್ಗಿ ನಡೆದೆವು, ಕೆಮ್ಮಿದೆವು. ಜನ ನಕ್ಕರು. ಬಂತು ನೋಡಿ ಬಡಿಯುವ ಹೊತ್ತು. ಆಲಿಕಲ್ಲು ಸುರಿಯಬೇಕಾದಲ್ಲಿ ಕೇಳಿದ್ದು ಥಪ್, ಥಪ್, ಥಪ್. ಮುಂದೆ ಕುಳಿತ ಮುದುಕಿಯೊಬ್ಬಳು ಜೋರಾಗಿಯೇ ಕೇಳಿದಳು, “ಯವ್ವಾ, ಕೂಸುಗೋಳು ರೊಟ್ಟಿ ಬಡ್ಯಾಕತ್ತಾವೇನ?” ಆ ಥಪ್ಪಿನ ನಡುವೆ ಒಂದೇ ಒಂದು ಜೋಡಿ ಚಪ್ಪಲಿ ಟಕ್... ಟಕಾ... ಎನ್ನುತ್ತಿತ್ತು, ಪ್ರತಿ ಹೆಜ್ಜೆಗೂ ಒಂದು ಗಳಿಗೆ ತಡವಾಗಿ. ಯಾರಪ್ಪ ಈ ಪೆದ್ದ ಎಂದು ಕೆಳಗೆ ನೋಡಿದೆ. ಚಪ್ಪಲಿ ನನ್ನ ಕಾಲಲ್ಲಿದ್ದವು! ಸುತ್ತ ಹದಿನಾರು ಬರಿಗಾಲು. ಮೆಟ್ಟಿಲ ಬುಡದಲ್ಲಿ ಎಂಟು ಜೋಡಿ ಕುಂಕುಮದ ಚಪ್ಪಲಿ, ಸಾಲಾಗಿ.

ಅಕ್ಕ ಹಾಡು ನಿಲ್ಲಿಸಿದಳು. “ಚಪ್ಪಲ್ ಯಾಕ ಕಳದ್ರೋ?”

ನಮ್ಮಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿಯನ್ನು ನಾವು ಗುಡಿಯಾ ಎನ್ನುತ್ತಿದ್ದೆವು. ಅವಳು ಮುಖವಾಡ ಎತ್ತಿ, ಮೊದಲ ಸಾಲಿನಲ್ಲಿದ್ದ ಅಜ್ಜನ ಕಡೆ ಬೆರಳು ಮಾಡಿದಳು. “ಅಜ್ಜಾನ ಬಂದು ಜೋರ್ಸೆ ಒದರಿದ್ರು, ಚಪ್ಪಲ್ ಕಳೀರಿ ಅಂತ.”

“ನಾನಾ?” ಎಂದರು ಅಜ್ಜ. ಬೆರಳು ಬೇರೆ ಯಾರ ಕಡೆಗಿದೆಯೋ ಎಂದು ಹಿಂದೆ ತಿರುಗಿ ನೋಡಿದರು.

ಪಕ್ಕದಲ್ಲಿದ್ದ ಹಿರಿಯರೊಬ್ಬರು ನಿಧಾನವಾಗಿ ಹೇಳಿದರು, “ಮುಂದ ಹೂಂ ಅಂದು ಹಿಂದ ಹೋಗಿ ಬಿಚ್ಚಿಸೂದೇನ್ರೀ ಯಜಮಾನ್ರ? ಬ್ಯಾಡ ಅಂದಿದ್ರ ಆಗ್ತಿತ್ತು.” ಅಕ್ಕ ಅಜ್ಜನನ್ನು ನೋಡಿದ ನೋಟ ನನಗಿನ್ನೂ ಮರೆತಿಲ್ಲ. “ನಿಮ್ಮ ಮಾತಿನ ಮ್ಯಾಲ ಕರಕೊಂಡು ಬಂದಿದ್ನಿ, ಅಜ್ಜಾ” ಎಂದಳು.

ಸುಮ್ಮನಿದ್ದರೆ ನಾನು ಪಾರು, ಅಜ್ಜನ ಮಾತು ಹೋಯಿತು. ನಾನೇ ಕೂಗಿದ್ದು ಎಂದು ಹೇಳಲು ಬಾಯಿ ತೆರೆದೆ. ನನ್ನ ದನಿ ಬರಲಿಲ್ಲ. ಹೆದರಿಕೆಯಲ್ಲಿ ಗಂಟಲಿನಿಂದ ಎದ್ದು ಬಂದದ್ದು ಅದೇ ಹಾಳು ದನಿ: “ಖ್ಖಂ, ಖ್ಖಂ. ಏ ಕೂಸಾ, ಒದರಿದಾಂವ ನಾನ. ತಿಳೀತೇನು?”

ಜನ ಕೆಳಗಿದ್ದ ಅಜ್ಜನನ್ನು ನೋಡಿದರು, ಮೇಲಿದ್ದ ಮುಖವಾಡವನ್ನು ನೋಡಿದರು, ಮತ್ತೆ ಅಜ್ಜನನ್ನು ನೋಡಿದರು. ಅಜ್ಜ ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಕೋಲೂರಿ ಎದ್ದು ಮೆಟ್ಟಿಲು ಹತ್ತಿ ಬಂದರು. ನನ್ನ ಮುಖವಾಡ ಎತ್ತಿದರು. ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ.

ಆ ಏಟಿನ ಮಾತಿಗೆ ಆಮೇಲೆ ಬರುತ್ತೇನೆ. ಈಗ ನಿಮ್ಮನ್ನು ನೋಡಿದರೆ ನನಗೆ ಸೋಜಿಗ. ಕಮಲಾಪುರದ ಮಕ್ಕಳೇ ಭಾನುವಾರ ಬಸ್ಸು ಹತ್ತಿ ಕೋಟನೂರಿಗೆ ಬರುತ್ತಾರೆ. ಆ ಕಟ್ಟೆಯ ಮೇಲೆ ಕಟ್ಟಿಗೆ ಚಪ್ಪಲಿ ಬಡಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಕುಣಿಯುವ ಮುಂಚೆ ನೀವು ಚಪ್ಪಲಿಗೆ ಕುಂಕುಮ ಹಚ್ಚುತ್ತೀರಿ, ಮೆಕ್ಸಿಕೋದಲ್ಲೂ ಹೀಗೆಯೇ ಹಚ್ಚುತ್ತಾರೆಂದು ನಂಬಿದ್ದೀರಿ. ನಾನು ಅಜ್ಜನ ದನಿ ತೆಗೆದರೆ ‘ಅದು ಅಣ್ಣಾಂದು ಬಿಡ್ರಿ’ ಎಂದು ಬಾಳೆಹಣ್ಣು ತಿನ್ನುತ್ತ ಕೂರುತ್ತೀರಿ. ನಮ್ಮ ಕಾಲದಲ್ಲಿ ಒಂದು ದನಿಗೆ ಎಂಟು ಜೋಡಿ ಚಪ್ಪಲಿ ಕಳಚಿ ಬೀಳುತ್ತಿದ್ದವು.

ಅವತ್ತು ಎಂಟೂ ಮಕ್ಕಳು ಚಪ್ಪಲಿ ಹಾಕಿಕೊಂಡು ಮತ್ತೆ ಕುಣಿದರು. ಕಟ್ಟೆ ಗುಡುಗಿತು. ನಾನು ಮಾತ್ರ ಕೆಳಗೆ ಕುಳಿತು ನೋಡಿದೆ. ಯಾಕೆಂದರೆ ಅಜ್ಜ ನನ್ನ ಮುಖವಾಡ ಎತ್ತಿ, ಮುಖ ನೋಡಿ, ಆಮೇಲೆ ಕಾಲು ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು:

“ದನಿ ನಂದು ಕದ್ದಿ, ಇರ್ಲಿ ಬಿಡು. ಈ ಕಾಲು ಯಾರವು ಕದ್ದೀಯೋ? ಒಂದೂ ತಾಳಕ್ಕ ಬೀಳವಲ್ವು. ಇಳದು ಹೋಗಿ ವಾಪಸ್ ಕೊಟ್ಟು ಬಾ!”